ಹಸಿರು ಕಾರ್ಪೆಟ್ ಕೆಳಗಿದ್ದ ಸಾಗವಾನಿ

ದಾವಣಗೆರೆ ಹಳೇಪೇಟೆಯ ನಮ್ಮ ಮನೆಯ ಮಹಡಿ ಕೋಣೆಗೆ ಹಸಿರು ಕಾರ್ಪೆಟ್ ಬಂದದ್ದು 1997ರಲ್ಲಿ. ದಾವಣಗೆರೆ ಜಿಲ್ಲೆಯಾದ ವರ್ಷ ಅದು, ಚಿಕ್ಕಪ್ಪನ ಮದುವೆಗೆ ಅಂತ ಹಾಕಿಸಿದ್ದು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಕಿಟಕಿ ಪಕ್ಕದ ಮೂಲೆ ಎದ್ದುಬಂತು. ಗೆದ್ದಲು ಹಿಡಿದಿದೆಯಾ ಅಂತ ಸುಮ್ನೆ ಎತ್ತಿ ನೋಡಿದೆ. ಧೂಳು, ಒಣಗಿದ ಅಂಟು, ನಾಲ್ಕು ಮಂಡಕ್ಕಿ ಕಾಳು. ಅಂಗೈಯಷ್ಟು ಜಾಗ ಒರೆಸಿದರೆ ಜೇನಿನ ಬಣ್ಣದ ಮರ!

"ಇಲ್ಲಿ ಹಲಗೆ ಇದೆ ಅಂತ ಹೇಳೇ ಇಲ್ವಲ್ಲಮ್ಮ?" ಅಂದೆ.

"ಪಡಸಾಲೆಯಲ್ಲಿ ಮಲಗಿ ದಿನಾ ನೋಡ್ತೀಯಲ್ಲೋ" ಅಂದರು ಅಮ್ಮ.

ಹೌದು. ಪಡಸಾಲೆಯ ಮೇಲೆ ತೊಲೆ, ಅದರ ಮೇಲೆ ಸುಣ್ಣ ಬಳಿದ ಇದೇ ಹಲಗೆ. ನಾನು ನೋಡಿದ್ದು ಅದರ ಅಡಿಭಾಗ ಮಾತ್ರ.

ಆಚಾರ್ರು ಬಂದು ಸ್ಕ್ರೂಡ್ರೈವರ್ ತುದಿ ಒತ್ತುತ್ತಾ ಕೋಣೆ ಪೂರ್ತಿ ನೋಡಿದರು. "ಒಳ್ಳೇ ಸಾಗವಾನಿ ರೀ. ತಿರುಳಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕಲ್ಲ" ಅಂದರು. ಗೋಡೆ ಪಕ್ಕದ ಒಂದು ಹಲಗೆಯ ಅಂಚಿನಲ್ಲಿ ಮಾತ್ರ ಬಿಳಿ ಮರ, ಅಂದರೆ ತಿರುಳಿನ ಹೊರಗಿನ ಭಾಗ ಇತ್ತು. ಅಲ್ಲಿ ಗೇಣುದ್ದ ಪುಡಿಯಾಗಿತ್ತು. ಅಷ್ಟನ್ನು ಕತ್ತರಿಸಿ, ಹಳೇ ಬಾಗಿಲಿನ ತುಂಡು ಕೂರಿಸಿದರು.

ಮೊದಲು ಎದ್ದು ನಿಂತ ಮೊಳೆಗಳ ತಲೆಯನ್ನು ಒಳಕ್ಕೆ ಹೊಡೆಯಬೇಕು. ಇಲ್ಲದಿದ್ದರೆ ಸ್ಯಾಂಡ್ ಪೇಪರ್ ಹರಿದುಹೋಗುತ್ತದೆ. ಆಮೇಲೆ 40ನೇ ನಂಬರಿನ ಒರಟು ಪೇಪರ್, ನಂತರ 80, ಕೊನೆಗೆ ನುಣುಪಾದ 120. ಅವರು ಊಟಕ್ಕೆ ಹೋದಾಗ ನಾನೂ ಒಂದಷ್ಟು ಉಜ್ಜಿದೆ, ಎಳೆಗೆ ಅಡ್ಡಲಾಗಿ. ಆಗ ಏನೂ ಕಾಣಲಿಲ್ಲ. ಎಣ್ಣೆ ಹಚ್ಚಿದಾಗ ಆ ಗೀರುಗಳೆಲ್ಲ ಎದ್ದು ಕಂಡವು. ಅಷ್ಟು ಜಾಗವನ್ನು ಮತ್ತೆ ಎಳೆ ಹಿಡಿದು ಉಜ್ಜಿಸಬೇಕಾಯಿತು. ಅವತ್ತು ನಿಜವಾಗಲೂ ಬೇಜಾರಾಯಿತು.

ಇನ್ನೊಂದು ಮಾತು. ಹಲಗೆಗಳ ಸಂದಿನಿಂದ ಮರದ ಹೊಟ್ಟು ಎಲ್ಲ ಕೆಳಗೆ ಪಡಸಾಲೆಗೆ ಸುರಿಯುತ್ತದೆ. ಹಾಸಿಗೆ, ದೇವರ ಗೂಡು ಎಲ್ಲಾ ಮೊದಲೇ ಮುಚ್ಚಿಡಿ. ಸಂದಿಗೆ ಹೊಟ್ಟು, ಫೆವಿಕಾಲ್ ಕಲಸಿ ತುಂಬೋಣ ಅಂದೆ. ಆಚಾರ್ರು ಬೇಡ ಅಂದರು. ಮಳೆಗಾಲಕ್ಕೆ ಮರ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ತುಂಬಿದ್ದು ಉದುರುತ್ತದೆ. ಅಗಲವಾದ ಸಂದುಗಳಿಗೆ ತೆಳು ಪಟ್ಟಿ ಸೀಳಿ, ಒಂದೇ ಬದಿಗೆ ಅಂಟು ಹಚ್ಚಿ ಇಳಿಸಿದರು.

ನಡುವಿನ ಹಲಗೆಯಲ್ಲಿ ಕಪ್ಪಗೆ ಸುಟ್ಟ ಗುರುತೊಂದಿತ್ತು. ಮುಂದೆ ಚೂಪು, ಹಿಂದೆ ಅಗಲ. ಇದ್ದಿಲ ಇಸ್ತ್ರಿಪೆಟ್ಟಿಗೆಯದು. ಆಚಾರ್ರು ಹತ್ತರಿ ಹಿಡಿದು ಬಗ್ಗಿದರು. ಅಮ್ಮ ಬಾಗಿಲಲ್ಲೇ ನಿಂತು ತಡೆದರು. ಅಜ್ಜ ಹತ್ತಿ ಮಂಡಿಗೆ ಹೊರಡೋ ಮೊದಲು ಅಜ್ಜಿ ಅಲ್ಲೇ ಕೂತು ಪಂಚೆ, ಅಂಗಿ ಇಸ್ತ್ರಿ ಮಾಡ್ತಿದ್ದರಂತೆ. ಆ ಜಾಗದಲ್ಲಿ ಪೇಪರನ್ನು ಹಗುರವಾಗಿ ಆಡಿಸಿ ಬಿಟ್ಟೆವು.

ಕೊನೆಗೆ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ, ಒಂದು ದಿನ ಬಿಟ್ಟು ಎರಡು ಕೈ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನಾವು ಬಿಡಿಸಿ ಹೊರಗೆ ಒಣಹಾಕಿದೆವು.

ಮೂರು ದಿನ ಯಾರೂ ಮೇಲೆ ಹತ್ತಲಿಲ್ಲ. ನಾಲ್ಕನೇ ದಿನ ಅಮ್ಮ ಬರಿಗಾಲಲ್ಲಿ ಹೋಗಿ ಆ ಕಪ್ಪು ಗುರುತಿನ ಪಕ್ಕ ಕೂತರು. ಜಮಖಾನ ತರಲಾ ಅಂದೆ. "ಏನೂ ಹಾಸಬೇಡ" ಅಂದರು.

ಹಿಂದಿನ ಕೋಣೆಯಲ್ಲೂ ಅದೇ ಹಸಿರು ಕಾರ್ಪೆಟ್ ಇದೆ. ಯುಗಾದಿ ಮುಗಿದ ಮೇಲೆ ಅದನ್ನೂ ಎತ್ತುತ್ತೇವೆ.