ಹೊರಗುತ್ತಿಗೆಯ ಕಥೆ ಮುಗಿಯಿತೇ ಎಂದು ಕೇಳುವವರಿಗೆ

"ಎಐ ಬಂತಲ್ಲ, ಇನ್ನು ಐಟಿ ಹೊರಗುತ್ತಿಗೆಯ ಕಥೆ ಮುಗಿದ ಹಾಗೆಯೇ ಅಲ್ಲವೇ?" ಕಂಪನಿಗಳ ಪರವಾಗಿ ಐಟಿ ಕೆಲಸವನ್ನು ಬೇರೆ ಕಂಪನಿಗೆ ವಹಿಸುವ, ಅಂದರೆ ಹೊರಗುತ್ತಿಗೆಯ, ಒಪ್ಪಂದಗಳನ್ನು ಬರೆದು, ತಿದ್ದಿ, ಅವುಗಳ ಮೇಲೆ ಜಗಳವಾಡಿ ಬದುಕುವ ನನಗೆ ಈ ಪ್ರಶ್ನೆ ಲಿಫ್ಟಿನಲ್ಲೂ ತಪ್ಪಿದ್ದಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದೇ ಕೊಡುತ್ತಿದ್ದೇನೆ.

ಮುಗಿಯುವುದಿಲ್ಲ. ಕೇಳುವ ಧಾಟಿಯಲ್ಲೇ "ಅಲ್ಲವೇ" ಎಂದು ಸೇರಿಸುವವರಿಗೆ ಬೇಕಾಗಿರುವುದು ಉತ್ತರವಲ್ಲ, ನಾನು ತಲೆಯಾಡಿಸುವುದು. 1989ರಲ್ಲಿ ಕೊಡಾಕ್ ತನ್ನ ಡೇಟಾ ಸೆಂಟರ್‌ಗಳ ಕೆಲಸವನ್ನು ಐಬಿಎಂಗೆ ಒಪ್ಪಿಸಿದ ಮೇಲೆ ದೊಡ್ಡ ಕಂಪನಿಗಳಿಗೂ ಈ ದಾರಿ ರೂಢಿಯಾಯಿತು. 2006ರಲ್ಲಿ ಅಮೆಜಾನ್ ಗಂಟೆಯ ಲೆಕ್ಕದಲ್ಲಿ ಸರ್ವರ್ ಬಾಡಿಗೆಗೆ ಕೊಡತೊಡಗಿತು. ಹೀಗೆ ಬಾಡಿಗೆಗೆ ಸಿಗುವ ಕ್ಲೌಡ್ ಎಂಬುದೇ ಒಂದು ಹೊರಗುತ್ತಿಗೆ. ಅದನ್ನು ನೋಡಿಕೊಳ್ಳಲು ಕಂಪನಿಗಳು ಇನ್ನೊಂದು ಹೊರಗುತ್ತಿಗೆ ಕೊಟ್ಟವು.

ಈಗ ಅಲುಗಾಡುತ್ತಿರುವುದು ತಲೆ ಎಣಿಸಿ ಬಿಲ್ ಹಾಕುವ ಪದ್ಧತಿ. ಪಾಸ್‌ವರ್ಡ್ ಬದಲಿಸಿಕೊಡುವುದು, ಬಂದ ಟಿಕೆಟ್ (ದಾಖಲಾದ ದೂರು) ಓದಿ ಸರಿಯಾದ ತಂಡಕ್ಕೆ ಕಳುಹಿಸುವುದು ಮುಂತಾದ ಕೆಲಸಗಳನ್ನು ಯಂತ್ರ ಮಾಡುವುದಾದರೆ, ಹತ್ತು ಜನರ ಬಿಲ್ಲನ್ನು ಯಾರೂ ಕಟ್ಟುವುದಿಲ್ಲ. ಆದರೆ ಹಾಗೆ ಉಳಿತಾಯವಾದ ಹಣ ಗಿರಾಕಿಯದೋ, ಕೆಲಸ ವಹಿಸಿಕೊಂಡ ಕಂಪನಿಯದೋ, ಅಂದರೆ ವೆಂಡರಿನದೋ ಎಂಬ ಜಗಳ ಒಪ್ಪಂದ ನವೀಕರಿಸುವಾಗ ಬಂದೇ ಬರುತ್ತದೆ. ನನ್ನ ಹೊಟ್ಟೆಪಾಡಿಗೆ ಸದ್ಯಕ್ಕೆ ಭಯವಿಲ್ಲ.

ನನಗೆ ಮರೆಯಲಾಗದ್ದು ಒಂದು ತಿಂಗಳ ಕೊನೆಯ ರಾತ್ರಿ. ನಮ್ಮ ಬಿಲ್ಲಿಂಗ್ ವ್ಯವಸ್ಥೆ ನಿಂತುಹೋಯಿತು. ಹದಿನೈದು ನಿಮಿಷದೊಳಗೆ ಸ್ಪಂದಿಸಬೇಕೆಂದು ಒಪ್ಪಂದದಲ್ಲಿತ್ತು. ಹನ್ನೊಂದನೆಯ ನಿಮಿಷಕ್ಕೆ "ನಿಮ್ಮ ದೂರನ್ನು ಸ್ವೀಕರಿಸಲಾಗಿದೆ" ಎಂಬ ಮೇಲ್ ಬಂತು. ವ್ಯವಸ್ಥೆ ಮತ್ತೆ ಎದ್ದಿದ್ದು ಒಂಬತ್ತು ಗಂಟೆಗಳ ನಂತರ. ಮುಂದಿನ ಸಭೆಯಲ್ಲಿ ವೆಂಡರಿನ ಮ್ಯಾನೇಜರು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ, ಸ್ಪಂದನೆಯ ಕಾಲಂ ಪೂರ್ತಿ ಹಸಿರಾಗಿರುವುದನ್ನು ತೋರಿಸಿದರು. ಸ್ಪಂದನೆಗೆ ಗಡುವಿಟ್ಟು ಪರಿಹಾರಕ್ಕೆ ಇಡದ ಆ ಷರತ್ತನ್ನು ಬರೆದವನು ನಾನೇ. ಆಗ ಎಲ್ಲರೂ ಹಾಗೆಯೇ ಬರೆಯುತ್ತಿದ್ದರು ಎಂದು ಈಗಲೂ ಸಮರ್ಥಿಸಿಕೊಳ್ಳುತ್ತೇನೆ, ಯಾರೂ ಒಪ್ಪುವುದಿಲ್ಲ.

ಕಾರಣ ಕ್ಷುಲ್ಲಕ: ಹಳೆಯ ಸ್ಕ್ರಿಪ್ಟೊಂದು (ತಾನಾಗಿ ಓಡುವ ಪುಟ್ಟ ಪ್ರೋಗ್ರಾಮು) ಬಳಸುತ್ತಿದ್ದ ಪಾಸ್‌ವರ್ಡಿನ ಅವಧಿ ಮುಗಿದಿತ್ತು. ಅದನ್ನು ಬಲ್ಲ ಹುಡುಗ ಬೇರೆ ಪ್ರಾಜೆಕ್ಟಿಗೆ ಹೋಗಿದ್ದ. ಅಂಥದ್ದೊಂದು ಸ್ಕ್ರಿಪ್ಟ್ ಇದೆಯೆಂಬುದೇ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಂದಿನಿಂದ ನಾನು ಕಾಯುತ್ತಿರುವ ಪ್ರಶ್ನೆ ಬೇರೆ: "ವೆಂಡರ್ ನಾಳೆ ಹೋದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ?" ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆ, ಬ್ಯಾಕಪ್ಪನ್ನು ಯಾರಾದರೂ ಒಮ್ಮೆಯಾದರೂ ವಾಪಸ್ ತಂದು ನೋಡಿದ್ದಾರೆಯೇ, ನಮ್ಮ ಐದು ವರ್ಷದ ಟಿಕೆಟ್‌ಗಳನ್ನು ಓದಿ ಜಾಣನಾದ ವೆಂಡರಿನ ಎಐ ಬಾಟ್ ಒಪ್ಪಂದ ಮುಗಿದ ಮೇಲೆ ಯಾರ ಸೊತ್ತು ಎಂಬುದನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಬ್ಯಾಂಕ್ ಜೆಪಿ ಮೋರ್ಗನ್ ಚೇಸ್ 2002ರಲ್ಲಿ ಐಬಿಎಂ ಜೊತೆ ಏಳು ವರ್ಷಕ್ಕೆ ಮಾಡಿಕೊಂಡ 500 ಕೋಟಿ ಡಾಲರಿನ ಒಪ್ಪಂದವನ್ನು, ಬ್ಯಾಂಕ್ ಒನ್ ಎಂಬ ಇನ್ನೊಂದು ಬ್ಯಾಂಕ್ ತನ್ನಲ್ಲಿ ವಿಲೀನವಾದ ಮೇಲೆ, 2004ರಲ್ಲೇ ಕೈಬಿಟ್ಟು ಕೆಲಸವನ್ನು ಒಳಗೆ ತಂದುಕೊಂಡಿತು. ಹೊರಬರುವ ದಾರಿಗೆ ಈಗ ಕಾನೂನೂ ಬಂದಿದೆ: ಐರೋಪ್ಯ ಒಕ್ಕೂಟದಲ್ಲಿ 2025ರ ಜನವರಿ 17ರಿಂದ ಅನ್ವಯವಾಗಿರುವ 'ಡೋರಾ' ನಿಯಮದ ಪ್ರಕಾರ, ಮಹತ್ವದ ಕೆಲಸವನ್ನು ಹೊರಗೆ ಕೊಡುವ ಹಣಕಾಸು ಸಂಸ್ಥೆಗಳು ಅದರಿಂದ ಹೊರಬರುವ ಯೋಜನೆಯನ್ನೂ ಇಟ್ಟುಕೊಂಡಿರಬೇಕು. ಕೆಲಸ ಯಾರು ಮಾಡಿದರೂ ಹೊಣೆ ಆ ಸಂಸ್ಥೆಗಳದೇ.

ಕಳೆದ ವಾರವೂ ಒಬ್ಬರು ಅದೇ ಹಳೆಯ ಪ್ರಶ್ನೆ ಕೇಳಿದರು. ನಿಮ್ಮ ಕಂಪನಿಯ ಡೊಮೇನ್ (ವೆಬ್ ವಿಳಾಸ) ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ನಾನು ತಿರುಗಿ ಕೇಳಿದೆ.

"ವಿಚಾರಿಸಿ ಹೇಳುತ್ತೇನೆ" ಎಂದರು.

ಯಾರನ್ನು ವಿಚಾರಿಸುತ್ತೀರಿ ಎಂದೆ.

"ವೆಂಡರನ್ನು."