ಕ್ರೂಸ್ ಹಡಗಿನ ಕೆಲಸ ಹೇಗಿರುತ್ತದೆ? ಯಾವ ಕೆಲಸ ಅಂತ ಮೊದಲು ಹೇಳಿ

ನಾನು ಕ್ರೂಸ್ ಹಡಗಿನಲ್ಲಿ ಹೌಸ್‌ಕೀಪಿಂಗ್‌ನಲ್ಲಿದ್ದವನು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಅಲ್ಲಿ ಲೈಫ್ ಹೇಗಿರುತ್ತೆ? ಊಟ ಫ್ರೀ, ರೂಮ್ ಫ್ರೀ, ಅದರ ಮೇಲೆ ಸಂಬಳ ಕೊಟ್ಟು ದೇಶ ದೇಶ ತೋರಿಸ್ತಾರಂತೆ. ನಾನೂ ಸೇರಬಹುದಾ?" ನಾನು ತಿರುಗಿ ಕೇಳುತ್ತೇನೆ, ಯಾವ ಕೆಲಸಕ್ಕೆ? ಯಾವುದಾದರೇನು, ಹಡಗು ಹಡಗೇ ಅಲ್ವಾ ಅನ್ನುತ್ತಾರೆ. ಅಲ್ಲ. ಅಕ್ಕಪಕ್ಕದ ಕ್ಯಾಬಿನ್ನಿನಲ್ಲಿ ಮಲಗುವ ಇಬ್ಬರಲ್ಲಿ ಒಬ್ಬ ಕ್ಯಾಸಿನೋದಲ್ಲಿ ಇಸ್ಪೀಟು ಹಂಚುತ್ತಾನೆ, ಇನ್ನೊಬ್ಬ ಗ್ಯಾಲಿಯಲ್ಲಿ, ಅಂದರೆ ಹಡಗಿನ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುತ್ತಾನೆ. ಅವರಿಬ್ಬರನ್ನೂ ಕೂರಿಸಿ ಹಡಗು ಹೇಗಿದೆ ಅಂತ ಕೇಳಿದರೆ ಎರಡು ಬೇರೆ ಬೇರೆ ಹಡಗಿನ ಕಥೆ ಬರುತ್ತದೆ.

ಮೊದಲು ಸುಖವಾಗಿರುವವರ ವಿಷಯ ಹೇಳಿ ಮುಗಿಸುತ್ತೇನೆ. ಹಡಗು ಬಂದರಿನಲ್ಲಿ ನಿಂತಾಗ ಹೆಚ್ಚಿನ ಕಡೆ ಕ್ಯಾಸಿನೋ ಮತ್ತು ಡ್ಯೂಟಿ ಫ್ರೀ ಅಂಗಡಿ ಮುಚ್ಚಬೇಕು. ಆಯಾ ದೇಶದ ಜೂಜಿನ ಕಾನೂನು, ತೆರಿಗೆ, ಏನೇನೋ ಇರುತ್ತದೆ. ಹಾಗಾಗಿ ಅಲ್ಲಿ ಕೆಲಸ ಮಾಡುವವರಿಗೆ ಹಗಲೆಲ್ಲ ಬಿಡುವು. ಡ್ಯಾನ್ಸರ್‌ಗಳು, ಬ್ಯಾಂಡಿನವರು ಕೂಡ ಹೆಚ್ಚುಕಮ್ಮಿ ಹಾಗೇ, ಅವರ ಕೆಲಸ ಶುರುವಾಗುವುದೇ ಸಂಜೆ. ನೀವು ಫೋನಿನಲ್ಲಿ ನೋಡುವ ಬೀಚಿನ ಫೋಟೋಗಳು ಹೆಚ್ಚಾಗಿ ಇವರದ್ದೇ. ಗ್ಯಾಲಿಯವರು ಆ ಫೋಟೋದಲ್ಲಿ ಇರುವುದಿಲ್ಲ, ಯಾಕೆಂದರೆ ಹಡಗು ನಿಂತರೂ ಜನ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಅದೂ ಅಲ್ಲದೆ ಇನ್-ಪೋರ್ಟ್ ಮ್ಯಾನಿಂಗ್ ಅಂತ ಒಂದಿದೆ. ಬೆಂಕಿ ಗಿಂಕಿ ಬಿದ್ದರೆ ನೋಡಿಕೊಳ್ಳಲು ಸಿಬ್ಬಂದಿಯ ಒಂದು ಪಾಲು ಹಡಗಿನಲ್ಲೇ ಇರಲೇಬೇಕು. ಇವತ್ತು ನಿಮ್ಮ ಸರದಿ ಅಂತಾದರೆ, ಎರಡು ಗಂಟೆ ಬಿಡುವಿದ್ದರೂ ಗ್ಯಾಂಗ್‌ವೇ (ಹಡಗಿನಿಂದ ಇಳಿಯುವ ದಾರಿ) ದಾಟುವ ಹಾಗಿಲ್ಲ. ತೆರೆದ ಡೆಕ್ಕಿನಲ್ಲಿ ನಿಂತು ಊರು ನೋಡಬಹುದು.

ಇನ್ನು ಗಂಟೆಗಳ ಲೆಕ್ಕ. ವಾರದ ರಜೆ ಅನ್ನುವುದನ್ನು ಮರೆತುಬಿಡಿ. ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಕಾಂಟ್ರ್ಯಾಕ್ಟ್, ಅದರಲ್ಲಿ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಜಿನೀವಾದಲ್ಲಿ ಮಾಡಿದ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್, 2013ರಲ್ಲಿ ಜಾರಿಗೆ ಬಂತು. ಎಲ್ಲರೂ ಅದನ್ನು ಎಮ್‌ಎಲ್‌ಸಿ ಅನ್ನುತ್ತಾರೆ. ಅದರಲ್ಲಿ ಎರಡು ಅಳತೆಗೋಲು ಇವೆ. ಒಂದು, ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು. ಇನ್ನೊಂದು, ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆಗಿಂತ ಕಮ್ಮಿ ವಿಶ್ರಾಂತಿ ಕೊಡಬಾರದು. ಎರಡೂ ಒಂದೇ ಅನಿಸುತ್ತದೆ, ಅಲ್ವಾ? ವಾರಕ್ಕೆ 168 ಗಂಟೆ. ಅದರಲ್ಲಿ 77 ಕಳೆದು ನೋಡಿ, 91 ಉಳಿಯುತ್ತದೆ. ಎರಡರಲ್ಲಿ ಯಾವುದನ್ನು ಹಿಡಿಯಬೇಕು ಅಂತ ಆರಿಸುವುದು ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ. ಕ್ರೂಸ್ ಹಡಗುಗಳ ಹಿಂಭಾಗದಲ್ಲಿ ಬರೆದಿರುವ ಬಂದರಿನ ಹೆಸರು ಓದಿ, ಹೆಚ್ಚಾಗಿ ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಇಂಥ ಕಡೆಯ ಬಂದರು ಇರುತ್ತದೆ. ಕಂಪನಿಯ ಆಫೀಸು ಎಲ್ಲೋ, ಪ್ರಯಾಣಿಕರು ಎಲ್ಲಿಯವರೋ, ಕಾನೂನು ಮಾತ್ರ ಬಾವುಟದ್ದು.

ಆ ಹತ್ತು ಗಂಟೆ ವಿಶ್ರಾಂತಿಯನ್ನೂ ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆಯದ್ದಾದರೆ ಸಾಕು. ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು, ನನಗೆ ಇದೇ ಮುಖ್ಯ. ಡೈನಿಂಗ್ ಹಾಲಿನ ವೇಟರ್ ಬೆಳಗಿನ ತಿಂಡಿಗೆ ಆರಕ್ಕೆ ನಿಂತು ಹತ್ತಕ್ಕೆ ಬಿಡುತ್ತಾನೆ, ಮಧ್ಯಾಹ್ನದ ಊಟಕ್ಕೆ ಮತ್ತೆ ಬರುತ್ತಾನೆ, ಸಂಜೆ ಐದೂವರೆಗೆ ಇನ್ನೊಮ್ಮೆ ಬಂದು ರಾತ್ರಿ ಹನ್ನೊಂದರವರೆಗೆ ನಿಲ್ಲುತ್ತಾನೆ. ನಡುವಿನ ಬಿಡುವಿನಲ್ಲಿ ಬಟ್ಟೆ ಒಗೆಯಬೇಕು, ಟ್ರೇನಿಂಗ್‌ಗೆ ಹೋಗಬೇಕು, ಮನೆಗೆ ಫೋನ್ ಮಾಡಬೇಕು, ನಿದ್ದೆಯನ್ನೂ ಮಾಡಬೇಕು. ಅದರ ಮೇಲೆ ಹಡಗು ಪೂರ್ವಕ್ಕೆ ಹೋಗುತ್ತಿದ್ದರೆ ರಾತ್ರಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಹೋದದ್ದು ನಿಮ್ಮ ನಿದ್ದೆಯ ಗಂಟೆ. ಗಂಟೆಗಳೆಲ್ಲ ಕಾರ್ಡ್ ಸ್ವೈಪ್ ಮಾಡಿ ದಾಖಲಾಗುತ್ತವೆ. "ಸ್ವೈಪ್ ಔಟ್ ಮಾಡಿ ಬಂದು ಆ ಎರಡು ರೂಮ್ ಮುಗಿಸಿಬಿಡು" ಅನ್ನುವ ಸೂಪರ್‌ವೈಸರ್‌ನನ್ನೂ ನಾನು ನೋಡಿದ್ದೇನೆ, "ಟೈಮ್ ಆಯ್ತು, ಮೊದಲು ಹೊರಡು" ಅಂತ ಬೈದು ಕಳಿಸುವವನನ್ನೂ ನೋಡಿದ್ದೇನೆ. ಯಾರು ಸಿಗುತ್ತಾರೆ ಅನ್ನುವುದು ನಿಮ್ಮ ಪುಣ್ಯ.

ನನ್ನ ವಿಭಾಗದ ಮಾತಿಗೆ ಬಂದರೆ, ಟರ್ನ್‌ಅರೌಂಡ್ ದಿನ ಅಂದರೆ ಏನು ಅಂತ ಹೇಳಲೇಬೇಕು. ಹಳೆಯ ಪ್ರಯಾಣಿಕರು ಇಳಿದು, ಅದೇ ಮಧ್ಯಾಹ್ನ ಹೊಸಬರು ಹತ್ತುವ ದಿನ. ಹಿಂದಿನ ರಾತ್ರಿಯೇ ಸೂಟ್‌ಕೇಸ್‌ಗಳು ಬಾಗಿಲ ಹೊರಗೆ ಬಂದು, ರಾತ್ರೋರಾತ್ರಿ ಕೆಳಗಿಳಿದಿರುತ್ತವೆ. ಬೆಳಗ್ಗೆ ಕ್ಯಾಬಿನ್ ಖಾಲಿ ಮಾಡಿ ಅಂತ ಅನೌನ್ಸ್‌ಮೆಂಟ್ ಆದ ಮೇಲೂ ಒಬ್ಬರಾದರೂ ನಿಧಾನವಾಗಿ ಹಲ್ಲುಜ್ಜುತ್ತಾ ಇರುತ್ತಾರೆ. ನಾವು ಹೊರಗೆ ಟ್ರಾಲಿ ಹಿಡಿದು "ಟೇಕ್ ಯುವರ್ ಟೈಮ್" ಅಂತ ನಗುತ್ತಾ ಒಳಗೊಳಗೇ ಶಪಿಸುತ್ತಿರುತ್ತೇವೆ. ಕೈಯಲ್ಲೊಂದು ಪಟ್ಟಿ. ಯಾವ ಕ್ಯಾಬಿನ್ನಿನಲ್ಲಿ ಎರಡು ಮಂಚ ಸೇರಿಸಿ ಒಂದು ಮಾಡಬೇಕು, ಯಾವುದರಲ್ಲಿ ಬೇರೆ ಮಾಡಬೇಕು, ಎಲ್ಲಿ ಮೇಲಿನ ಬಂಕ್ ಇಳಿಸಬೇಕು ಅಂತ ಅದರಲ್ಲಿರುತ್ತದೆ. ಬೆನ್ನು ಹೋಗುವುದೇ ಈ ಮಂಚದ ಕೆಲಸದಲ್ಲಿ. ಜಾಗ ಎಷ್ಟು ಕಮ್ಮಿ ಅಂದರೆ ಹಾಸಿಗೆಯನ್ನು ಗೋಡೆಗೆ ಆನಿಸಿ, ಒಂದು ಕಾಲು ಬಾತ್‌ರೂಮಿನೊಳಗಿಟ್ಟು, ಮಂಚವನ್ನು ಮೊಣಕಾಲಿನಿಂದ ತಳ್ಳಬೇಕು. ಆಮೇಲೆ ಶೀಟು, ದಿಂಬಿನ ಕವರು, ಶವರಿನ ಜಾಲರಿಯಲ್ಲಿರುವ ಕೂದಲು, ಗ್ಲಾಸು. ಪ್ರತಿ ಡ್ರಾಯರ್ ಎಳೆದು ನೋಡಬೇಕು, ಮಂಚದಡಿ ಬಗ್ಗಿ ನೋಡಬೇಕು, ಲಾಕರ್ ತೆರೆದು ನೋಡಬೇಕು. ಪಾಸ್‌ಪೋರ್ಟ್, ಹಲ್ಲಿನ ಸೆಟ್ಟು, ಏನು ಬೇಕಾದರೂ ಸಿಗುತ್ತದೆ. ಹೀಗೆ ಹದಿನೈದು ಇಪ್ಪತ್ತು ಕ್ಯಾಬಿನ್. ಮಧ್ಯಾಹ್ನ ಕಾರಿಡಾರಿನ ಬಾಗಿಲು ತೆರೆಯುವ ಹೊತ್ತಿಗೆ ಬೆವರು ಒರೆಸಿ, ಬೇರೆ ಯೂನಿಫಾರ್ಮ್ ಹಾಕಿ, ಹೊಸಬರ ಹೆಸರು ಬಾಯಿಪಾಠ ಮಾಡಿ ನಿಂತಿರಬೇಕು.

ಅಲ್ಲಿಗೆ ಮುಗಿಯಲಿಲ್ಲ, ಸುರಕ್ಷತಾ ಡ್ರಿಲ್ ಇದೆ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೈರನ್. ಟವೆಲ್ಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸುವ ಹುಡುಗನೇ, ಹಡಗು ಮುಳುಗಿದರೆ ನಿಮ್ಮನ್ನು ಲೈಫ್‌ಬೋಟ್‌ವರೆಗೆ ಕರೆದುಕೊಂಡು ಹೋಗಬೇಕಾದವನು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಇದನ್ನೆಲ್ಲ ಅವನು ಕಲಿತು ಬಂದಿರುತ್ತಾನೆ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ತಾಗಿ ಮಗುಚಿತು, 32 ಜನ ಸತ್ತರು. ಅವತ್ತೇ ಹತ್ತಿದ್ದ ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಲೇಬೇಕು. ಪ್ರಯಾಣಿಕರು ಅದನ್ನೊಂದು ಕಾಟ ಅಂದುಕೊಂಡು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ ಬಿಡಿ.

ರೂಮ್ ಫ್ರೀ ಅಂದಿರಲ್ಲ, ಆ ರೂಮಿನ ವಿಷಯ. ಪ್ರಯಾಣಿಕರ ಹಡಗಿನಲ್ಲಿ ಇಬ್ಬರು ಮಲಗುವ ಸಿಬ್ಬಂದಿ ಕ್ಯಾಬಿನ್ ಕನಿಷ್ಠ 7.5 ಚದರ ಮೀಟರ್ ಇರಬೇಕು ಅನ್ನುತ್ತದೆ ಎಮ್‌ಎಲ್‌ಸಿ. ಬಂಕಿನ ಅಳತೆ ಕನಿಷ್ಠ 198 ಸೆಂಟಿಮೀಟರ್ ಉದ್ದ, 80 ಅಗಲ. ಪ್ರಯಾಣಿಕರ ಹಡಗಾದರೆ ಕ್ಯಾಬಿನ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೂ ನಡೆಯುತ್ತದೆ, ಕಿಟಕಿಯ ಮಾತೇ ಇಲ್ಲ. ಲೈಟ್ ಆರಿಸಿದರೆ ಮಧ್ಯಾಹ್ನವೋ ಮಧ್ಯರಾತ್ರಿಯೋ ಗೊತ್ತಾಗುವುದಿಲ್ಲ. ಬಂಕಿಗೊಂದು ಪರದೆ ಇರುತ್ತದೆ. ಆ ಪರದೆಯೊಳಗಿನ ಜಾಗ ಮಾತ್ರ ಪೂರ್ತಿ ನಿಮ್ಮದು. ರೂಮ್‌ಮೇಟ್ ಬೇರೆ ಶಿಫ್ಟಿನವನಾದರೆ ಅವನು ಏಳುವಾಗ ನೀವು ಮಲಗುತ್ತೀರಿ. ಭಾಷೆ ಬೇರೆ, ದೇಶ ಬೇರೆ, ಅಲಾರಂ ಮಾತ್ರ ಇಬ್ಬರಿಗೂ ಕೇಳಿಸುತ್ತದೆ. ಅಧಿಕಾರಿಗಳಿಗೆ ಒಬ್ಬೊಬ್ಬರಿಗೊಂದು ಕ್ಯಾಬಿನ್, ಕೆಲವರಿಗೆ ಕಿಟಕಿಯೂ ಇರುತ್ತದೆ. ಭುಜದ ಮೇಲೆ ಎಷ್ಟು ಪಟ್ಟಿ ಅನ್ನುವುದರ ಮೇಲೆ ನಿಮಗೆ ಎಷ್ಟು ಬೆಳಕು ಅಂತ ತೀರ್ಮಾನ.

ಕೆಳಗಿನ ಡೆಕ್ಕಿನಲ್ಲಿ ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ದಾರಿ ಇದೆ. ಬಹಳ ಹಡಗುಗಳಲ್ಲಿ ಅದನ್ನು ಅಮೆರಿಕದ ಹೆದ್ದಾರಿಯ ಹೆಸರಿನಲ್ಲಿ ಐ-95 ಅಂತ ಕರೆಯುತ್ತಾರೆ. ಫೋರ್ಕ್‌ಲಿಫ್ಟ್, ಕಸದ ಟ್ರಾಲಿ, ಮೇಕಪ್ ಹಾಕಿಕೊಂಡೇ ಓಡುವ ಡ್ಯಾನ್ಸರ್, ಎಣ್ಣೆ ಮೆತ್ತಿದ ಬಾಯ್ಲರ್ ಸೂಟಿನವರು, ಎಲ್ಲರೂ ಅಲ್ಲೇ. ಐಕಾನ್ ಆಫ್ ದಿ ಸೀಸ್ ಅನ್ನುವ ದೊಡ್ಡ ಹಡಗು 2024ರ ಜನವರಿಯಲ್ಲಿ ಪ್ರಯಾಣ ಶುರು ಮಾಡಿತು. ಅದರಲ್ಲಿ ಸಿಬ್ಬಂದಿಯೇ 2,350 ಜನ. ಒಂದು ಸಣ್ಣ ಊರೇ ಕೆಳಗಿರುತ್ತದೆ, ಮೇಲಿನವರಿಗೆ ಸುಳಿವೂ ಇರುವುದಿಲ್ಲ.

ಒಳ್ಳೆಯದೇನೂ ಇಲ್ವಾ ಅಂದರೆ, ಇದೆ. ದುಡ್ಡು ಉಳಿಯುತ್ತದೆ, ಯಾಕೆಂದರೆ ಖರ್ಚು ಮಾಡಲು ಪುರುಸೊತ್ತಿಲ್ಲ. ಹುಷಾರಿಲ್ಲದಿದ್ದರೆ ಚಿಕಿತ್ಸೆ ಹಡಗಿನ ಮಾಲೀಕರ ಜವಾಬ್ದಾರಿ, ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ. ಈಗ ಇಂಟರ್ನೆಟ್ ಪರವಾಗಿಲ್ಲ, ವಿಡಿಯೋ ಕಾಲ್ ಆಗುತ್ತದೆ. ಜಗತ್ತಿನ ಎಲ್ಲ ಮೂಲೆಯ ಜನರ ಜೊತೆ ಒಂದೇ ಮೆಸ್ಸಿನಲ್ಲಿ ಕೂತು ತಿಂದ ಮೇಲೆ ಆ ದೇಶದವರು ಹೀಗೆ, ಈ ದೇಶದವರು ಹಾಗೆ ಅನ್ನುವ ಹುಚ್ಚು ಮಾತು ಬಿಟ್ಟುಹೋಗುತ್ತದೆ. ಸೋಮಾರಿಯನ್ನು ಹಡಗಿನ ಭಾಷೆಯಲ್ಲಿ ಮಾಮಗಾಯೊ ಅಂತ ಬೈಯುವುದು ಎಲ್ಲ ದೇಶದವರಿಗೂ ಬರುತ್ತದೆ. ಆದರೆ ಕಷ್ಟ ಬಂದಾಗ ನೀವು ಎಲ್ಲಿದ್ದೀರಿ ಅನ್ನುವುದು ತಿಳಿಯುತ್ತದೆ. 2020ರ ಫೆಬ್ರವರಿಯಲ್ಲಿ ಕೊರೊನಾದಿಂದ ಜಪಾನಿನ ಯೋಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ನೆನಪಿದೆಯಾ? 3,711 ಜನರಿದ್ದ ಹಡಗು. ಪ್ರಯಾಣಿಕರು ಅವರವರ ಕ್ಯಾಬಿನ್ನಿನಲ್ಲಿ ಕ್ವಾರಂಟೈನ್. ಊಟ ಬಾಗಿಲಿಗೆ ಕೊಟ್ಟವರು ಸಿಬ್ಬಂದಿ, ಅವರು ಮಲಗುತ್ತಿದ್ದದ್ದು ಮಾತ್ರ ಹಂಚಿಕೊಂಡ ಕ್ಯಾಬಿನ್ನುಗಳಲ್ಲೇ. ಆಮೇಲೆ ಹಡಗುಗಳೆಲ್ಲ ನಿಂತಾಗ ಪ್ರಯಾಣಿಕರು ಮನೆ ಸೇರಿದ ಮೇಲೂ ಸಾವಿರಾರು ಕೆಲಸದವರು ತಿಂಗಳುಗಟ್ಟಲೆ ಸಮುದ್ರದಲ್ಲೇ ಉಳಿದರು.

ಹಾಗಾದರೆ ಸೇರಬಹುದಾ? ತೀರಿಸಬೇಕಾದ ಸಾಲ ಇದೆ, ವಯಸ್ಸು ಚಿಕ್ಕದು, ಬೆನ್ನು ಗಟ್ಟಿ ಇದೆ ಅಂದರೆ ಹೋಗಿ ಅನ್ನುತ್ತೇನೆ. ದೇಶ ನೋಡುವುದಕ್ಕೆ ಅಂತಾದರೆ ಬೇಡ, ದುಡ್ಡು ಕೂಡಿಸಿ ಟಿಕೆಟ್ ತಗೊಂಡು ಪ್ರಯಾಣಿಕರಾಗಿಯೇ ಹೋಗಿ. ಕೆಲಸ ಕೊಡಿಸಲು ಏಜೆಂಟ್ ಫೀಸು ಕೇಳಿದರೆ ಎದ್ದು ಬನ್ನಿ. ಎಮ್‌ಎಲ್‌ಸಿ ಪ್ರಕಾರ ಕೆಲಸಗಾರನಿಂದ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಮೆಡಿಕಲ್ ಸರ್ಟಿಫಿಕೇಟ್, ಪಾಸ್‌ಪೋರ್ಟ್, ಸೀಮನ್ ಪುಸ್ತಕ (ನಾವಿಕರ ಗುರುತಿನ ದಾಖಲೆ), ಇಂಥವುಗಳ ಖರ್ಚು ಮಾತ್ರ ನಿಮ್ಮ ತಲೆ ಮೇಲೆ ಬರಬಹುದು, ವೀಸಾದ ಖರ್ಚು ಹಡಗಿನ ಮಾಲೀಕರದ್ದು. ಆಮೇಲೆ ಕಾಂಟ್ರ್ಯಾಕ್ಟ್ ಓದಿ. ಸಂಬಳದ ಅಂಕಿಯಲ್ಲಿ ಟಿಪ್ಸ್ ಎಷ್ಟು, ಗ್ಯಾರಂಟಿ ಎಷ್ಟು ನೋಡಿ, ಯಾಕೆಂದರೆ ದೊಡ್ಡ ಕಂಪನಿಗಳು ಪ್ರಯಾಣಿಕರ ಬಿಲ್ಲಿಗೆ ದಿನಕ್ಕೆ ತಲಾ ಇಷ್ಟು ಅಂತ ಟಿಪ್ಸ್ ಸೇರಿಸಿದರೂ, ಹಲವು ಕಡೆ ಬೇಡ ಅಂತ ತೆಗೆಸುವ ಹಕ್ಕು ಅವರಿಗಿದೆ. ಕಾಂಟ್ರ್ಯಾಕ್ಟ್ ಮುಗಿದು ಮನೆಗೆ ಬಂದ ಎರಡು ತಿಂಗಳಿಗೆ ಸಂಬಳ ಇದೆಯಾ ಅನ್ನುವ ಸಾಲನ್ನೂ ಹುಡುಕಿ. ಸಿಗದಿದ್ದರೆ ಇಲ್ಲ ಅಂತಲೇ ಲೆಕ್ಕ. ತಿಂಗಳ ಸಂಬಳವನ್ನು ಹನ್ನೆರಡರಿಂದ ಗುಣಿಸಬೇಡಿ.