ಬೈಕಿನ ಡಿಸ್ಕ್ ಬ್ರೇಕಿಗೆ ಯಾವ ಪ್ಯಾಡು?

ಅನೇಕ ಪ್ಯಾಡುಗಳ ಬೆನ್ನ ತಗಡಿನಲ್ಲಿ ‘ಜಿಎಫ್’, ‘ಎಚ್‌ಎಚ್’ ಥರದ ಎರಡಕ್ಷರ ಒತ್ತಿರುತ್ತದೆ. ಬೆಲೆ ಕೇಳುವ ಮೊದಲು ಅದನ್ನು ನೋಡಿ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯ ಅಕ್ಷರ ಚೆನ್ನಾಗಿ ಕಾದಾಗಿನದು. ಎಫ್ ಅಂದರೆ ಘರ್ಷಣಾಂಕ 0.35ರಿಂದ 0.45, ಜಿ 0.45ರಿಂದ 0.55, ಎಚ್ ಅದಕ್ಕೂ ಮೇಲೆ. ಅಂದರೆ ‘ಜಿಎಫ್’ ಪ್ಯಾಡು ಕಾದಾಗ ಅದರ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ಬಾಳಿಕೆ ಎಷ್ಟು ಅನ್ನುವುದು ಈ ಅಕ್ಷರಗಳಿಂದ ತಿಳಿಯುವುದಿಲ್ಲ.

ಆರ್ಗ್ಯಾನಿಕ್ ಪ್ಯಾಡಿನಲ್ಲಿ ನಾರುಗಳನ್ನು ರಾಳ ಹಿಡಿದಿಟ್ಟಿರುತ್ತದೆ. ಸದ್ದು ಕಡಿಮೆ, ಡಿಸ್ಕ್ ಸವೆಯುವುದೂ ಕಡಿಮೆ; ಊರೊಳಗಿನ ಓಡಾಟಕ್ಕೆ ಧಾರಾಳವಾಗಿ ಸಾಕು. ಆಗುಂಬೆ ಘಾಟಿಯನ್ನು ಬ್ರೇಕ್ ಹಿಡಿದುಕೊಂಡೇ ಇಳಿದರೆ ಮಾತ್ರ ರಾಳ ಕಾದು ಅನಿಲ ಬಿಡುತ್ತದೆ, ಪ್ಯಾಡಿನ ಮೈ ಗಾಜಿನಂತೆ ನುಣುಪಾಗುತ್ತದೆ. ಸಿಂಟರ್ಡ್ ಪ್ಯಾಡು ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಬೆಸೆದದ್ದು. ಮಲೆನಾಡಿನ ಮಳೆಗೆ ನಾನು ಹೇಳುವುದು ಇದನ್ನೇ. ಆದರೆ ಡಿಸ್ಕ್ ಅದಕ್ಕೆ ತಕ್ಕದ್ದಲ್ಲದಿದ್ದರೆ ಡಿಸ್ಕೇ ಬೇಗ ಸವೆಯುತ್ತದೆ. ಮ್ಯಾನುಯಲ್ ನೋಡಿಯೇ ಕೊಳ್ಳಿ.

ಘರ್ಷಣೆಯ ಪದರ 2 ಮಿ.ಮೀ.ಗೆ ಇಳಿದಾಗ ಬದಲಿಸಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಒರೆಸಿ, ಹೊಸ ಪ್ಯಾಡಿಗೆ ಜಾಗವಾಗುವಂತೆ ಆಮೇಲೆ ಒಳಕ್ಕೆ ತಳ್ಳಿ. ಆಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿದರೆ ಪೇಂಟ್ ಹಾಳು. ಗಾಡಿ ಹೊರಡಿಸುವ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಿ, ಬಿಡುತ್ತಿರಿ. ಇದನ್ನು ಮರೆತರೆ ಮೊದಲ ಸಲ ಬ್ರೇಕೇ ಹಿಡಿಯುವುದಿಲ್ಲ.